ಕೊಡಚಾದ್ರಿ ಜೀಪಿನಲ್ಲಿ ಸಿಕ್ಕ ಉತ್ತರ

'ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ಲೋ ಗೇರ್‌ನಲ್ಲೇ ಇಳಿಸೋದು ಯಾಕೆ?'

ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಕೇಳಿದ ಎರಡನೇ ಪ್ರಶ್ನೆ ಇದು. ಮೆಕ್ಯಾನಿಕಲ್ ಮೂರನೇ ವರ್ಷದ ನಾನು ಗೇರ್ ರೇಶಿಯೊ ಸೂತ್ರ ಒಪ್ಪಿಸಿದೆ. 'ಅದು ಸರಿ, ಆದರೆ ಯಾಕೆ?' ಎಂದರು. ಮತ್ತೆ ಅದೇ ಸೂತ್ರ ಹೇಳಿದೆ. 'ಓಕೆ, ಥ್ಯಾಂಕ್ಯೂ' ಎಂದರು. ಸಂಜೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಹಾಸನದಲ್ಲಿ ಕ್ಯಾಂಟರ್ ಓಡಿಸಿ ನನ್ನ ಫೀಸು ಕಟ್ಟುವವರು ಅವರು. ನಾನು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದು ನೋಡಲಾಗದೆ ಹಾಸ್ಟೆಲ್ ಗೆಳೆಯರು ವಾರಾಂತ್ಯಕ್ಕೆ ಕೊಲ್ಲೂರಿಗೆ ಎಳೆದುಕೊಂಡು ಹೋದರು. ಮೊದಲು ಮೂಕಾಂಬಿಕೆಯ ದರ್ಶನ, ಆಮೇಲೆ ಕೊಡಚಾದ್ರಿ.

ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಎತ್ತರ 1,343 ಮೀಟರ್. ಕೊಲ್ಲೂರಿನಲ್ಲೇ ಬಾಡಿಗೆ ಜೀಪು ಸಿಗುತ್ತದೆ. ತಲೆಗಿಷ್ಟು ಎಂದು ಹಂಚಿಕೊಂಡರೆ ವಿದ್ಯಾರ್ಥಿಗಳ ಜೇಬಿಗೂ ಹೊರೆಯಲ್ಲ. ಎಂಟು ಮಂದಿ ಹತ್ತಿದೆವು. ನನಗೆ ಸಿಕ್ಕಿದ್ದು ಡ್ರೈವರ್ ಅಣ್ಣನ ಪಕ್ಕದ ಸೀಟು.

ನಾಗೋಡಿ ಘಾಟ್ ಹತ್ತುವವರೆಗೆ ಹಾಡು, ಗಲಾಟೆ. ಡಾಂಬರು ಮುಗಿದು ಕಾಡಿನ ಹಾದಿ ಶುರುವಾದದ್ದೇ ಎಲ್ಲರ ಬಾಯಿ ಬಂದ್. ಅದನ್ನು ರಸ್ತೆ ಎನ್ನುವಂತಿಲ್ಲ. ಮಳೆ ನೀರು ಕೊರೆದ ಕೊರಕಲು, ಬಂಡೆ, ಕೆಂಪು ಧೂಳು. ಅಣ್ಣ ಗೇರ್ ಪಕ್ಕದ ಇನ್ನೊಂದು ಲಿವರ್ ಎಳೆದರು. ಜೀಪು ಆಮೆಯಾಯಿತು, ಆದರೆ ಬಂಡೆಗಳ ಮೇಲೆ ಎಲ್ಲೂ ಮುಗ್ಗರಿಸದೆ ಹತ್ತಿತು. ಅದು ಟ್ರಾನ್ಸ್‌ಫರ್ ಕೇಸ್. ಇಂಥ ಹಲವು ಜೀಪುಗಳಲ್ಲಿ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ಚಕ್ರಕ್ಕೆ ಅಷ್ಟೇ ಪಟ್ಟು ಹೆಚ್ಚು ಟಾರ್ಕ್ ಕೊಡುತ್ತದೆ. ಇಂಟರ್ನಲ್ಸ್‌ನಲ್ಲಿ ಇದರ ಚಿತ್ರ ಬರೆದು ಪೂರ್ತಿ ಅಂಕ ತೆಗೆದವನು ನಾನು! ಅದು ಕೆಲಸ ಮಾಡುವುದನ್ನು ನೋಡಿದ್ದು ಮಾತ್ರ ಅವತ್ತೇ ಮೊದಲು.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆ ಗುಡಿಯ ಬಳಿ. ಅಲ್ಲೊಂದು ಎತ್ತರದ ಹಳೆಯ ಕಬ್ಬಿಣದ ಕಂಬವಿದೆ. ಘಟ್ಟದ ಮಳೆಯನ್ನೆಲ್ಲ ಕುಡಿದೂ ತುಕ್ಕಿಗೆ ಬಲಿಯಾಗದೆ ನಿಂತಿದೆ. ಅಲ್ಲಿಂದ ಮುಂದೆ ನಡಿಗೆಯೇ. ತುದಿಯಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಸರ್ವಜ್ಞ ಪೀಠ, ಪುಟ್ಟ ಕಲ್ಲಿನ ಮಂಟಪ. ಸುತ್ತಲೂ ಮಡಿಕೆ ಮಡಿಕೆ ಬೆಟ್ಟ, ಪಶ್ಚಿಮಕ್ಕೆ ಮಸುಕಾಗಿ ಸಮುದ್ರ. ಸಂದರ್ಶನ ಮರೆತೇಹೋಯಿತು.

ನೆನಪಾದದ್ದು ಇಳಿಯುವಾಗ. ಒಂದು ತಿರುವಿನಲ್ಲಿ ಜೀಪಿನ ಮೂತಿ ನೇರ ಕಣಿವೆಗೆ. ಅಣ್ಣನ ಕಾಲು ಬ್ರೇಕ್ ಮೇಲೆ ಇರಲೇ ಇಲ್ಲ!

'ಅಣ್ಣಾ, ಬ್ರೇಕ್!' ಎಂದು ಕಿರುಚಿದೆ.

ಅವರು ನಕ್ಕರು. 'ಬ್ರೇಕ್ ಒತ್ತಿ ಹಿಡಿದ್ರೆ ಚಕ್ರ ನಿಲ್ತದೆ, ಗಾಡಿ ನಿಲ್ಲುದಿಲ್ಲ ಮಾರಾಯ್ರೆ. ಜಲ್ಲಿ ಮೇಲೆ ಜಾರ್ತದೆ. ಆಮೇಲೆ ಸ್ಟೇರಿಂಗ್ ತಿರುಗಿಸಿದ್ರೂ ಕೇಳುದಿಲ್ಲ. ಲೋ ಗೇರಲ್ಲಿ ಎಂಜಿನ್ನೇ ಗಾಡಿನ ಹಿಡ್ಕೊಳ್ತದೆ.'

ಉರುಳುವ ಚಕ್ರಕ್ಕೆ ಹಿಡಿತವಿದೆ, ಜಾರುವ ಚಕ್ರಕ್ಕಿಲ್ಲ. ಘರ್ಷಣೆಯ ಪಾಠವನ್ನು ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೆ. ಆ 'ಯಾಕೆ'ಗೆ ಉತ್ತರ ನನ್ನ ಪುಸ್ತಕದಲ್ಲೇ ಇತ್ತು, ಗಾಡಿಗೆ ಹೊಂದಿಸಿ ನೋಡಿರಲಿಲ್ಲ ಅಷ್ಟೆ.

ಕೊಲ್ಲೂರು ತಲುಪಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಇಂಟರ್ನ್‌ಶಿಪ್ ಕೈತಪ್ಪಿದ್ದು, ಕೇಳಿದ ಪ್ರಶ್ನೆ, ಜೀಪಿನ ಕಥೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

'ಅಷ್ಟೇ ಅಲ್ಲ ಕಣೋ' ಎಂದರು ಅಪ್ಪ. 'ಲೋಡ್ ಹಾಕ್ಕೊಂಡು ಶಿರಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟಿದ್ರೆ ಡ್ರಮ್ ಕಾಯ್ತದೆ. ಕೆಳಗೆ ಬರೋಷ್ಟರಲ್ಲಿ ಬ್ರೇಕೇ ಹಿಡಿಯಲ್ಲ. ಇಪ್ಪತ್ತು ವರ್ಷದಿಂದ ಇಳಿಸ್ತಾ ಇದೀನಿ. ನನ್ನನ್ನೇ ಒಂದು ಮಾತು ಕೇಳಬಾರದಿತ್ತೇನೋ?'

ನಿಜ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ಸಂದರ್ಶನ ಬರುವ ತಿಂಗಳಿದೆ. ಅದಕ್ಕೆ ಮೊದಲು ಊರಿಗೆ ಹೋಗಿ, ಅಪ್ಪನ ಜೊತೆ ಒಂದು ಟ್ರಿಪ್ ಕ್ಯಾಂಟರ್‌ನಲ್ಲಿ ಕೂರಬೇಕು. ಕೈಯಲ್ಲಿ ನೋಟ್‌ಬುಕ್ ಇರುತ್ತದೆ.