ಮುಂದಿನಿಂದ ಮೈದಾ, ಹಿಂದಿನಿಂದ ಮೊಟ್ಟೆ

ನಾನು ಹಾಸನಕ್ಕೆ ಹೋದದ್ದು ಒಂದು ಓವನ್ ನೋಡಲು. ಎಂಬತ್ತರ ದಶಕದಲ್ಲಿ ಮದುವೆಗೆ ಉಡುಗೊರೆಯಾಗಿ ಬಂದು, ಎರಡೋ ಮೂರೋ ಕೇಕು ಬೇಯಿಸಿ, ಆಮೇಲೆ ಅಟ್ಟ ಸೇರುತ್ತಿತ್ತಲ್ಲ, ಆ ದುಂಡನೆಯ ಅಲ್ಯೂಮಿನಿಯಂ ಓವನ್. ತಳದಲ್ಲಿ ಕಾಯಿಲ್, ಮುಚ್ಚಳದ ನಡುವೆ ಇಣುಕಲು ಗಾಜಿನ ಕಿಂಡಿ, ಎರಡು ಕಪ್ಪು ಹಿಡಿ. ಶಾಖ ಹೆಚ್ಚುಕಡಿಮೆ ಮಾಡುವ ತಿರುಪು ಇಲ್ಲ. ಸ್ವಿಚ್ ಹಾಕಿದರೆ ಕಾಯುತ್ತದೆ, ತೆಗೆದರೆ ಆರುತ್ತದೆ. ನಮ್ಮ ಮನೆಯಲ್ಲೂ ಒಂದಿತ್ತು; ಅದರೊಳಗೆ ನಮ್ಮಮ್ಮ ಕರೆಂಟು ಬಿಲ್ಲುಗಳನ್ನು ಜೋಪಾನ ಮಾಡುತ್ತಿದ್ದಳು. ಸಾಲಗಾಮೆ ರಸ್ತೆಯ ಹಿಂಬದಿಯ ಒಂದು ಮನೆಯಲ್ಲಿ ಅಂಥದ್ದೊಂದು ಓವನ್ ಇವತ್ತಿಗೂ ತಿಂಗಳಿಗೊಮ್ಮೆಯಾದರೂ ಬಿಸಿಯಾಗುತ್ತದೆ ಎಂದು ಕೇಳಿ ಬಸ್ಸು ಹತ್ತಿದೆ.

ಮನೆಯೊಡತಿಗೆ 74 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ‘ಲೆಕ್ಕದ ಟೀಚರ್’. ಪತ್ರಿಕೆಯಲ್ಲಿ ಹೆಸರು ಹಾಕಕೂಡದು ಎಂಬ ಕರಾರಿನ ಮೇಲೆ ಒಳಗೆ ಬಿಟ್ಟರು. “ಹೆಸರು ಬಂದ್ರೆ ಆರ್ಡರ್ ಕೊಡೋಕೆ ಬರ್ತಾರೆ ಕಣಪ್ಪ. ನಾನು ಮಾರಲ್ಲ.”

ಓವನ್ ಕಾದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಅವರು ಒಂದು ಸಣ್ಣ ತಟ್ಟೆಗೆ ಚಿಟಿಕೆ ಮೈದಾ ಉದುರಿಸಿ ಒಳಗಿಟ್ಟು ಮುಚ್ಚಳ ಹಾಕಿದರು. ಆಮೇಲೆ ಕಣ್ಣುಮುಚ್ಚಿ, ಕೈಕಟ್ಟಿ, ಹನ್ನೊಂದೊಂದ್ಲ ಹನ್ನೊಂದು ಎಂದು ಶುರುಮಾಡಿದರು. ಹನ್ನೊಂದರಿಂದ ಇಪ್ಪತ್ತರವರೆಗಿನ ಮಗ್ಗಿ ಹೇಳಲು ಅವರ ವೇಗಕ್ಕೆ ಸುಮಾರು 5 ನಿಮಿಷ. ಅಷ್ಟರಲ್ಲಿ ಮೈದಾ ಹೊಂಬಣ್ಣಕ್ಕೆ ತಿರುಗಿದರೆ ಕೇಕಿಗೆ ಹದ. “ಹದಿನೈದರ ಮಗ್ಗಿಗೇ ಕಂದಾಯ್ತು ಅಂದ್ರೆ ಅವಸರದ ಬೆಂಕಿ, ಸ್ವಿಚ್ ತೆಗೀಬೇಕು. ಇಪ್ಪತ್ತಾದ್ರೂ ಬೆಳ್ಳಗಿದ್ರೆ ಸೋಮಾರಿ ಬೆಂಕಿ.” ನನ್ನ ಎದುರು ಅದು ಹತ್ತೊಂಬತ್ತಕ್ಕೆ ಹೊಂಬಣ್ಣ ಬಂತು. ಅವರ ಮಗ್ಗಿ ಒಂದೇ ಒಂದು ಕಡೆಯೂ ತಡವರಿಸಲಿಲ್ಲ. ನಾನು ಹದಿಮೂರಕ್ಕೇ ಕೈಬಿಟ್ಟಿದ್ದೆ.

ಓವನ್ ನೋಡಿಯಾಯಿತು ಎಂದುಕೊಂಡು ಏಳುವಷ್ಟರಲ್ಲಿ ಅವರು ಕೇಕಿನ ತಟ್ಟೆ ಒಳಗಿಟ್ಟು, ಕಪಾಟಿನಿಂದ ಪುಸ್ತಕ ತೆಗೆದರು. ಅಲ್ಲಿಂದಾಚೆ ಓವನ್ ಮರೆತೇ ಹೋಯಿತು.

ಅಂಗಡಿಗಳಲ್ಲಿ ಲೆಕ್ಕ ಬರೆಯುವ ಉದ್ದನೆಯ ಖಾತೆ ಪುಸ್ತಕ ಅದು. ಕೆಂಪು ಬಟ್ಟೆಯ ರಟ್ಟು, ಅಂಚಿನಲ್ಲಿ ಬೆಣ್ಣೆಯ ಜಿಡ್ಡು. ಮೊದಲ ದಾಖಲೆ 1984ರದು. ಅಲ್ಲಿಂದ ಮಾಡಿದ ಪ್ರತಿಯೊಂದು ಕೇಕಿಗೂ ಅದರಲ್ಲಿ ಲೆಕ್ಕವಿದೆ. ಅಡ್ಡಗೆರೆ, ಉದ್ದಗೆರೆ ಎಳೆದು ಮಾಡಿದ ಕಾಲಂಗಳು: ತಾರೀಖು, ಸಂದರ್ಭ, ಸಾಮಾನು, ಹಿಡಿದ ಸಮಯ, ಉಬ್ಬಿದ ಎತ್ತರ, ತಿಂದವರು, ಉಳಿದದ್ದು. ಎತ್ತರವನ್ನು ಶಾಲೆಯ ಅಡಿಪಟ್ಟಿಯಿಂದಲೇ ಅಳೆದದ್ದು, ಸೆಂಟಿಮೀಟರಿನಲ್ಲಿ. ರುಚಿಗೆ ಕಾಲಂ ಇಲ್ಲ. ಏಕೆಂದು ಕೇಳಿದರೆ, “ರುಚಿ ಅಭಿಪ್ರಾಯ. ಉಳಿದದ್ದು ಲೆಕ್ಕ. ಅಲ್ಲಿ ಸೊನ್ನೆ ಬಂದ ದಿನ ಕೇಕು ಚೆನ್ನಾಗಿತ್ತು ಅಂತ” ಎಂದರು.

ಪುಸ್ತಕದ ಸೋಜಿಗ ಇದಲ್ಲ. ಅದನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಇನ್ನೊಂದು ಪುಸ್ತಕವಿದೆ. ಮುಂದಿನಿಂದ ಬರೆದದ್ದು ಮೊಟ್ಟೆ ಹಾಕದ ಕೇಕುಗಳು. ಹಿಂದಿನಿಂದ ಬರೆದದ್ದು ಮೊಟ್ಟೆಯವು. ಮಡಿ ಹುಡಿಯ ಮನೆ. ಅತ್ತೆಯ ಕಾಲದಲ್ಲಿ ಈರುಳ್ಳಿಯೇ ಅಡುಗೆಮನೆಗೆ ಬರುತ್ತಿರಲಿಲ್ಲ, ಇನ್ನು ಮೊಟ್ಟೆಯ ಮಾತೆಲ್ಲಿ? ಆದರೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಗೆಳತಿಯೊಬ್ಬರು ಡಿಸೆಂಬರಿನಲ್ಲಿ ಪ್ಲಮ್ ಕೇಕು ತಂದು ಸ್ಟಾಫ್‌ರೂಮಿನಲ್ಲಿ ಹಂಚುತ್ತಿದ್ದರು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಚರ್ಚು ಇದೆಯಲ್ಲ, ಆ ಶೆಟ್ಟಿಹಳ್ಳಿಯ ಕಡೆಯವರು. ಆ ಕೇಕಿನ ಕಪ್ಪು ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಟೀಚರಿಗೆ ನಿದ್ದೆ ಕೆಡಿಸಿತು.

ಕೊನೆಗೊಂದು ಒಪ್ಪಂದವಾಯಿತು. “ಏನ್ ಬೇಕಾದ್ರೂ ಮಾಡ್ಕೊ, ನಡುಮನೆಗೆ ಮಾತ್ರ ತರಬೇಡ” ಎಂದರಂತೆ ಅತ್ತೆ. ಹಿತ್ತಿಲಲ್ಲಿ ಸೌದೆ ಇಡುವ ಕೊಟ್ಟಿಗೆಯಲ್ಲಿ ಒಂದು ಸೀಮೆಎಣ್ಣೆ ಸ್ಟೌವ್, ದಪ್ಪ ತಳದ ಪಾತ್ರೆ, ಅದರೊಳಗೆ ತೊಳೆದು ಒಣಗಿಸಿ ಜರಡಿ ಹಿಡಿದ ಮರಳು. ಮೊಟ್ಟೆ ಕಡೆಯಲು ಬೇರೆಯೇ ಒಂದು ಪುಟ್ಟ ಕಡೆಗೋಲು. ಮರಳು ಕಾದ ಮೇಲೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದರೆ ಮೇಲೂ ಕೆಳಗೂ ಶಾಖ. ಹಸಿ ಮರಳಾದರೆ ಆವಿಯೆದ್ದು ಮುಚ್ಚಳದಿಂದ ಹನಿಹನಿಯಾಗಿ ಕೇಕಿನ ಮೇಲೆ ಬೀಳುತ್ತದೆ. ಹಿಂದಿನಿಂದ ಮೂರನೆಯ ದಾಖಲೆಯಲ್ಲಿ ಅದೇ ಬರೆದಿದೆ: “ಮರಳು ಒಣಗಿರಲಿಲ್ಲ. ಎತ್ತರ 2. ತಿಂದವರು: ಹಸು.”

ಪ್ಲಮ್ ಕೇಕಿನ ಕಪ್ಪು ಬಣ್ಣದ ಗುಟ್ಟು ಸುಟ್ಟ ಸಕ್ಕರೆ. ಬಾಣಲೆಯಲ್ಲಿ ಬರೀ ಸಕ್ಕರೆ ಕರಗಿಸುತ್ತಾ ಹೋದರೆ ಜೇನಿನ ಬಣ್ಣ, ಬೆಲ್ಲದ ಬಣ್ಣ, ಆಮೇಲೆ ಡಿಕಾಕ್ಷನ್ ಬಣ್ಣ. ಹೊಗೆಯಾಡುವ ಹೊತ್ತಿಗೆ ಸರಿಯಾಗಿ ಬಿಸಿನೀರು ಹೊಯ್ಯಬೇಕು. ತಣ್ಣೀರು ಹೊಯ್ದರೆ ಏನಾಗುತ್ತದೆ ಎಂಬುದಕ್ಕೆ ಅವರ ಎಡಗೈ ಮಣಿಕಟ್ಟಿನ ಮೇಲೆ ಬಟಾಣಿಯಷ್ಟು ಕಲೆಯಿದೆ. ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ, ಪರಂಗಿಕಾಯಿಯಿಂದ ಮಾಡಿದ ಟೂಟಿ ಫ್ರೂಟಿ ಎಲ್ಲ ನೆನೆಯಲು ರಮ್ ಬೇಕಲ್ಲ? ಅದನ್ನು ಗೆಳತಿ ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತಂದುಕೊಡುತ್ತಿದ್ದರು. ಪುಸ್ತಕದಲ್ಲೂ ಅದು ‘ಔಷಧಿ, 4 ಚಮಚ’ ಎಂದೇ ಇದೆ.

ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯ ಹಿರಿಯರು ಟೀಚರಿನ ಹಳೇ ಗಿರಾಕಿ, ಅಂದರೆ ಬಿಟ್ಟಿ ತಿನ್ನುವ ಗಿರಾಕಿ. ಇತಿಹಾಸ ಬೇಕಿದ್ದರೆ ಅವರನ್ನು ಕೇಳು ಎಂದರು ಟೀಚರ್. ಗಲ್ಲಾದ ಹಿಂದೆ ಕೂತೇ ಅವರು ಹೇಳಿದ್ದಿಷ್ಟು: ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಮೊದಲಿದ್ದದ್ದು ಸಿಹಿತಿಂಡಿ ಅಂಗಡಿ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷಿನವನೊಬ್ಬ ಬ್ರೆಡ್ಡು ಬೇಯಿಸುವುದನ್ನು ಹೇಳಿಕೊಟ್ಟ ಎಂಬುದು ಕಥೆ. ಅಲ್ಲಿಂದ ಈ ಕಡೆಯ ಹಳ್ಳಿಗಳ ಅಯ್ಯಂಗಾರರು ನಂಟು ಹಿಡಿದು ಊರೂರಿಗೆ ಬೇಕರಿ ಇಟ್ಟರು. ಮೊಟ್ಟೆ ಹಾಕದ ಬೇಕರಿ ಎಂಬುದೇ ಹೆಗ್ಗಳಿಕೆಯಾಗಿತ್ತು. ಆಗಲೇ ಮಲಬಾರಿನ ತಲಶೇರಿಯಲ್ಲಿ, 1883ರಲ್ಲಿ, ಮಾಂಬಳ್ಳಿ ಬಾಪು ಎಂಬವರು ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ತಂದುಕೊಟ್ಟ ವಿಲಾಯಿತಿ ಪ್ಲಮ್ ಕೇಕಿನ ರುಚಿ ನೋಡಿ, ಬ್ರಾಂದಿಯ ಬದಲು ಊರಿನದೇ ಮದ್ಯ ಹಾಕಿ ಅದರ ಜೋಡಿ ಮಾಡಿಕೊಟ್ಟಿದ್ದರಂತೆ. “ಒಬ್ಬರು ಮೊಟ್ಟೆ ಬಿಟ್ರು, ಒಬ್ಬರು ಬ್ರಾಂದಿ ಬದಲಾಯಿಸಿದ್ರು. ಟೀಚರ್ ಎರಡೂ ಮಾಡ್ತಾರೆ” ಎಂದು ನಕ್ಕು, ಬನ್ನು ಕೇಳಿಕೊಂಡು ಬಂದ ಹುಡುಗನ ಕಡೆ ತಿರುಗಿದರು.

ಮುಂದಿನಿಂದ ಬರೆದ ಪುಟಗಳ ಸಾಹಸಗಳು ಬೇರೆ ತೆರನವು. ಮೊದಮೊದಲು ಎಲ್ಲವೂ ಕಂಡೆನ್ಸ್ಡ್ ಹಾಲಿನ ಕೇಕು: 400 ಗ್ರಾಮಿನ ಒಂದು ಡಬ್ಬಿ, ಬೆಣ್ಣೆ, ಮೈದಾ, ಬೇಕಿಂಗ್ ಪೌಡರ್, ಅಡುಗೆ ಸೋಡಾ, ಕೊನೆಗೆ ಒಂದು ಲೋಟ ಗೋಲಿ ಸೋಡಾ. ಮೊಟ್ಟೆ ಮಾಡುವ ಕೆಲಸವನ್ನು ಹಾಲೂ ಗಾಳಿಗುಳ್ಳೆಯೂ ಹಂಚಿಕೊಳ್ಳಬೇಕು. ಡಬ್ಬಿ ದುಬಾರಿಯಾದಾಗ ಮೊಸರಿಗೆ ಬಂದರು. ಮೊಸರಿನ ಹುಳಿಗೆ ಸೋಡಾ ಬುರುಬುರು ಎದ್ದ ಕೂಡಲೇ ಹಿಟ್ಟು ಒಳಗೆ ಹೋಗಬೇಕು, ಮಾತಾಡುತ್ತಾ ನಿಂತರೆ ಕೇಕು ದೋಸೆಯಾಗುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಗುಳ್ಳೆ ಬೇಗ ಹಿಗ್ಗುತ್ತದೆ. ಹಾಗಾಗಿ ಅಡುಗೆ ಪುಸ್ತಕಗಳ ಅಳತೆಗಿಂತ ಬೇಕಿಂಗ್ ಪೌಡರನ್ನು ಚೂರು ಕಡಿಮೆ ಹಾಕಬೇಕು ಎಂಬುದನ್ನು ಅವರು ಕಂಡುಕೊಂಡದ್ದು ಕುಸಿದ ಆರು ಕೇಕುಗಳ ಸರಾಸರಿ ತೆಗೆದು.

ರಾಗಿ ಕೇಕು ಪುಡಿಪುಡಿಯಾಯಿತು, ರಾಗಿಯಲ್ಲಿ ಅಂಟಿಲ್ಲ. ಮೂರರಲ್ಲಿ ಒಂದು ಪಾಲು ರಾಗಿ ಸಾಕು. ಊರಿನ ಹೆಮ್ಮೆಯೆಂದು ಆಲೂಗಡ್ಡೆ ಬೇಯಿಸಿ ಹಾಕಿದ ಕೇಕಿಗೆ ಯಜಮಾನರು ಚಟ್ನಿ ಕೇಳಿದರು. ಬೇಕರಿಯ ಹನಿ ಕೇಕು ಮನೆಯಲ್ಲಿ ಕೈಹತ್ತಲು ಹನ್ನೊಂದು ಪ್ರಯತ್ನ ಬೇಕಾಯಿತು. ಪಾಕ ಬಿಸಿಯಿರುವಾಗ ಕೇಕು ತಣ್ಣಗಿರಬೇಕು, ಅಷ್ಟೇ ಗುಟ್ಟು. ಮೇಲೆ ಜಾಮ್ ಸವರಿ, ಕೊಬ್ಬರಿ ತುರಿ ಉದುರಿಸಿದರೆ ಮುಗಿಯಿತು.

ತೊಂಬತ್ತರ ದಶಕದ ಪುಟಗಳಲ್ಲಿ ‘ಕ.ಹೋ.’ ಎಂಬ ಎರಡಕ್ಷರ ಮತ್ತೆ ಮತ್ತೆ ಬರುತ್ತದೆ. ಕರೆಂಟು ಹೋಯಿತು. ಹಿಟ್ಟು ಗಟ್ಟಿಯಾಗುವ ಮೊದಲೇ ಶಾಖ ನಿಂತರೆ ನಡು ಕುಸಿದು ಹಳ್ಳ ಬೀಳುತ್ತದೆ. ಮಗಳ ಹತ್ತನೇ ಹುಟ್ಟುಹಬ್ಬದ ಕೇಕಿಗೆ ಹಾಗಾಯಿತು. ಆ ಹಳ್ಳದ ತುಂಬ ದಾಳಿಂಬೆ ಕಾಳು ತುಂಬಿಸಿಟ್ಟರಂತೆ. ಮುಂದಿನ ವರ್ಷ ಕೇಕು ಚೆನ್ನಾಗಿ ಉಬ್ಬಿದಾಗ, ದಾಳಿಂಬೆ ಕೆರೆ ಎಲ್ಲಿ ಎಂದು ಮಕ್ಕಳು ಅತ್ತವು.

ಈಗ ಹಾಸನದಲ್ಲೂ ಮನೆಯಲ್ಲಿ ಕೇಕು ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಫೋನಿನಲ್ಲಿ ಚಿತ್ರ ಕಳಿಸಿದರೆ ಸಂಜೆಗೆ ಕಾರಿನ ಆಕಾರದ ಕೇಕು ಸಿದ್ಧ. ಟೀಚರಿಗೆ ಅವರ ಮೇಲೆ ಮುನಿಸಿಲ್ಲ, ನಾಲ್ಕು ಕಾಸು ಸಂಪಾದಿಸಲಿ ಎನ್ನುತ್ತಾರೆ. ಮುನಿಸೆಲ್ಲ ಕ್ರೀಮಿನ ಮೇಲೆ. ಹಾಲಿನ ಹೆಸರಿಲ್ಲದ, ತಾಳೆ ಎಣ್ಣೆಯ ಆ ಬಿಳಿ ನೊರೆಯ ಮೇಲೆ. ಕಲಿಯಲು ಬಂದ ಹುಡುಗಿಯೊಬ್ಬಳು ಮೊದಲು ಕೇಳಿದ್ದು, ಕೆ.ಜಿ.ಗೆ ಎಷ್ಟು ಹಾಕಬಹುದು ಟೀಚರ್ ಎಂದು. ಬೆಲೆ ಎಂಬ ಕಾಲಂ ಈ ಪುಸ್ತಕದಲ್ಲಿಲ್ಲ. ಕಾಯಿಲ್ ಸುಟ್ಟರೆ ಸುತ್ತಿಕೊಡುತ್ತಿದ್ದವನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಅವನು ಅಂಗಡಿ ಮುಚ್ಚುವ ದಿನ ಸುತ್ತಿಕೊಟ್ಟ ಎರಡು ಕಾಯಿಲ್‌ಗಳಲ್ಲಿ ಒಂದು ಮಾತ್ರ ಉಳಿದಿದೆ, ಅರಿಸಿನದ ಡಬ್ಬಿಯ ಪಕ್ಕ.

ಪುಟ ತಿರುವುತ್ತಾ ನನಗೆ ಕಂಡದ್ದು ‘ತಿಂದವರು’ ಎಂಬ ಕಾಲಂ. ಒಂದು ಕಾಲಕ್ಕೆ ಅಲ್ಲಿ ಹದಿನಾಲ್ಕು ಹೆಸರು ಹಿಡಿಸದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಾರೆ. ಆಮೇಲೆ ಒಂಬತ್ತು, ಐದು. ಯಜಮಾನರ ಹೆಸರು ಒಂದು ಪುಟದಿಂದಾಚೆ ಇಲ್ಲ. ಮಗಳು ವರ್ಷಕ್ಕೊಮ್ಮೆ, ಪರದೇಶದಿಂದ ಬಂದಾಗ. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ. ಆದರೂ ಮೊಟ್ಟೆ ಕೇಕು ಈಗಲೂ ಕೊಟ್ಟಿಗೆಯಲ್ಲೇ, ದಾಖಲೆ ಹಿಂದಿನಿಂದಲೇ. ಎರಡು ಕಡೆಯ ಬರಹ ನಡುವಿಗೆ ಬರುತ್ತಿದೆ. ಖಾಲಿ ಉಳಿದಿರುವುದು ಏಳು ಹಾಳೆ, ಎಣಿಸಿಟ್ಟಿದ್ದಾರೆ.

ಬೆಂಗಳೂರಿಂದ ಹೊಸ ಖಾತೆ ಪುಸ್ತಕ ಕಳಿಸಲೇ ಎಂದೆ.

“ಯಾಕಪ್ಪ? ಹೊಸದಕ್ಕೆ ಎರಡು ತುದಿ ಬೇಕಾಗಲ್ಲ. ಈಗ ಬೈಯೋರು ಯಾರಿದ್ದಾರೆ?”

ಅಷ್ಟರಲ್ಲಿ ಓವನಿನೊಳಗಿನ ಡಿಕಾಕ್ಷನ್ ಕೇಕು ಬೆಂದಿತ್ತು. ಹಂಚಿಕಡ್ಡಿ ಚುಚ್ಚಿ ನೋಡಿದರು, ಏನೂ ಅಂಟಲಿಲ್ಲ. ಅಡಿಪಟ್ಟಿ ಹಿಡಿದರು: ಆರೂವರೆ. ನಾನು ಎರಡು ತುಂಡು ತಿಂದೆ, ಅವರು ಒಂದು, ಪಕ್ಕದ ಮನೆಗೆ ಎರಡು ಹೋಯಿತು. ಮಿಕ್ಕ ಅರ್ಧವನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಚೀಲಕ್ಕೆ ತುರುಕಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮುಂದಿನಿಂದ ಪುಸ್ತಕ ತೆರೆದರು. ಉಳಿದದ್ದು ಎಂಬ ಕಾಲಂನಲ್ಲಿ, ಶಾಲೆಯ ಬೋರ್ಡಿನ ಮೇಲೆ ಬರೆಯುವಂತೆ, ದುಂಡಗೆ ಒಂದು ಸೊನ್ನೆ ಬರೆದರು.