ಟ್ರಂಕಿನೊಳಗಿನ ಕಛೇರಿಗಳು

ಗೋರಂಟ್ಲ: ಚಿತ್ರಾವತಿ ದಂಡೆಯ ಈ ಊರಿಗೆ ಮಾಧವರಾಯನ ಗುಡಿ ನೋಡಲು ಬರುವವರುಂಟು. ಗುಡಿಯಿಂದ ಕೊಂಚ ದೂರದ ಮನೆಯೊಂದರಲ್ಲಿ, ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಎಂ.ಎಸ್. ಸುಬ್ಬುಲಕ್ಷ್ಮಿ ಒಟ್ಟಿಗೇ ಕುಳಿತಿರುವುದು ಮಾತ್ರ ಅಕ್ಕಪಕ್ಕದವರಿಗೂ ಗೊತ್ತಿಲ್ಲ!

ಟ್ರಂಕಿನ ಯಜಮಾನರು ನಿವೃತ್ತ ಮೇಷ್ಟ್ರು. 'ಹೆಸರು ಹಾಕಬೇಡಪ್ಪಾ, ಕ್ಯಾಸೆಟ್ ಕೇಳಿಕೊಂಡು ಜನ ಬರ್ತಾರೆ' ಎಂದು ಮೊದಲೇ ಷರತ್ತು ಹಾಕಿದರು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಂಜೆಗೆ ಬೆಂಗಳೂರು ಆಕಾಶವಾಣಿ. ಗಡಿಯ ಈಚೆಯ ಅನೇಕ ಕನ್ನಡ ಮನೆಗಳಂತೆ ಇವರದೂ. ಬೆಂಗಳೂರಿನಲ್ಲಿರುವ ಮಗಳು ಈಗ ಒಂದು ಮಾತು ಹೇಳಿ ಹೋಗಿದ್ದಾಳೆ: 'ಅಪ್ಪಾ, ಹತ್ತು ಕ್ಯಾಸೆಟ್ ಆರಿಸಿ ಕೊಡು, ಕಂಪ್ಯೂಟರಿಗೆ ಹಾಕಿಸ್ತೀನಿ. ಉಳಿದದ್ದು ಇಟ್ಕೊಂಡು ಏನು ಮಾಡ್ತೀಯಾ?'

ಹತ್ತೇ ಹತ್ತು! ಮೇಷ್ಟ್ರು ವಾರದಿಂದ ಅದೇ ಲೆಕ್ಕದಲ್ಲಿದ್ದಾರೆ.

ಸ್ಟುಡಿಯೋದಲ್ಲಿ ಹಾಡಿಸಿದ್ದನ್ನು ಅವರು ಮೊದಲೇ ಬದಿಗಿಟ್ಟರು. ಅವರಿಗೆ ಬೇಕಾದ್ದು ಜನರೆದುರು ಹಾಡಿದ ಕಛೇರಿ. 1902ರಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಒಂದು ರಾಗಕ್ಕೆ ಸಿಕ್ಕಿದ್ದು ಮೂರು ಚಿಲ್ಲರೆ ನಿಮಿಷ. ಆಮೇಲೆ ಎಲ್‌ಪಿ ಬಂದು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಕ್ಯಾಸೆಟ್ಟು ಬಂದ ಮೇಲೆ 60ರದ್ದಾದರೆ ಅರ್ಧ ಗಂಟೆ, 90ರದ್ದಾದರೆ ಮುಕ್ಕಾಲು ಗಂಟೆ. 'ಆದರೂ ಮನ್ಸೂರರು ತಾನಕ್ಕೆ ಬರೋ ಹೊತ್ತಿಗೆ ಸರಿಯಾಗಿ ಟಕ್ ಅಂತ ನಿಂತುಬಿಡೋದು. ಎದ್ದು ತಿರುವಿ ಹಾಕಬೇಕು. ಈಗಲೂ ಆ ರಾಗ ಎಲ್ಲಿ ಕೇಳಿದರೂ ಅಲ್ಲಿಗೆ ಬಂದಾಗ ಕೈ ಎದ್ದು ಹೋಗ್ತದೆ' ಎಂದು ನಕ್ಕರು.

ಅವರ ಪಟ್ಟಿಯಲ್ಲಿ ಮೊದಲನೆಯದು ಎಂ.ಎಸ್. ಅವರ ಅಮೆರಿಕ ಪ್ರವಾಸದ ಕಛೇರಿ. 1966ರ ಅಕ್ಟೋಬರ್ 23ರಂದು ವಿಶ್ವಸಂಸ್ಥೆಯಲ್ಲಿ ಹಾಡಿದರು. ಅದೇ ಪ್ರವಾಸದಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ಹಾಡಿದರು. ಮಗಳು ರಾಧಾ ಜೊತೆ ದನಿಗೂಡಿಸಿದ್ದರು. ವಿಶ್ವಸಂಸ್ಥೆಯಲ್ಲಿ ಹಾಡಿದ 'ಮೈತ್ರೀಂ ಭಜತ' ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳ ರಚನೆ, ಅದಕ್ಕೆ ರಾಗ ಹಾಕಿದವರು ಮರಾಠಿ-ಹಿಂದಿ ಚಿತ್ರಗಳ ವಸಂತ ದೇಸಾಯಿ. ಮನೆಯಲ್ಲಿ ಮರಾಠಿ ಮಾತಾಡುವ ನನಗೆ ಇದು ಗೊತ್ತಿರಲಿಲ್ಲ, ಹೇಳಿಕೊಟ್ಟವರು ಗೋರಂಟ್ಲದ ಮೇಷ್ಟ್ರು!

ಎರಡನೆಯದು ಬಾಂಗ್ಲಾದೇಶದ ನಿರಾಶ್ರಿತರ ನೆರವಿಗೆ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ನಡೆದದ್ದು. ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ತಬಲಾ. ಶ್ರುತಿ ಮಾಡಿಕೊಳ್ಳುವುದನ್ನೇ ಸಂಗೀತವೆಂದು ತಿಳಿದು ಜನ ಚಪ್ಪಾಳೆ ಹೊಡೆದುಬಿಟ್ಟರು. ಶ್ರುತಿಯೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದಲ್ಲಿ ರವಿಶಂಕರರು ನಯವಾಗಿ ಹೇಳಿದ್ದೂ ಅದರಲ್ಲೇ ಇದೆ. ಅಳಿಸದೆ ಬಿಟ್ಟಿದ್ದಕ್ಕೇ ಈ ಕ್ಯಾಸೆಟ್ಟಿಗೆ ಮೇಷ್ಟ್ರ ಮೆಚ್ಚುಗೆ.

'ಶಕ್ತಿ' ತಂಡದ ಮೊದಲ ಆಲ್ಬಂ ಕೂಡ ಕಛೇರಿಯದೇ. 1975ರ ಜುಲೈನಲ್ಲಿ ಅಮೆರಿಕದ ಕಾಲೇಜೊಂದರಲ್ಲಿ ನುಡಿಸಿದ್ದು: ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, 2024ರಲ್ಲಿ ತೀರಿಕೊಂಡ ಜಾಕಿರ್ ಹುಸೇನ್ ತಬಲಾ, ವಿನಾಯಕರಾಂ ಘಟ. ಗಿಟಾರ್ ಎಂದು ಮೇಷ್ಟ್ರು ಮೊದಲು ಮೂಗು ಮುರಿದಿದ್ದರಂತೆ. ಘಟ ಕೇಳಿದ ಮೇಲೆ ಸುಮ್ಮನಾದರು.

ಇನ್ನು ಭೀಮಸೇನರು. ಗದಗಿನ ಕಡೆಯ ಹುಡುಗ ಪುಣೆಯಲ್ಲಿ ನಿಂತು, ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಿಂದ ಉತ್ಸವ ನಡೆಸಿಕೊಂಡು ಬಂದರು. ಕನ್ನಡದಲ್ಲಿ ದಾಸರ ಪದ, ಮರಾಠಿಯಲ್ಲಿ ಅಭಂಗ. 'ಜನ ಎದುರಿಗಿದ್ರೆ ಅವರ ದನಿಯೇ ಬೇರೆ' ಎನ್ನುತ್ತಾರೆ ಮೇಷ್ಟ್ರು. ನನ್ನ ಅಜ್ಜಿ ಅವರನ್ನು ಮರಾಠಿಯವರೇ ಎಂದು ಕೊನೆವರೆಗೂ ನಂಬಿದ್ದರು. 2011ರಲ್ಲಿ ಅವರು ಹೋದಾಗ ಎರಡೂ ಕಡೆಯವರು 'ನಮ್ಮವರು' ಎಂದೇ ಅತ್ತರು.

ಹೀಗೆ ಹತ್ತು ತುಂಬಿತು. ಮಗಳಿಗೆ ಫೋನಿನಲ್ಲಿ ಪಟ್ಟಿ ಓದಿದರು. ಆಕೆ ಅರ್ಧಕ್ಕೇ ತಡೆದಳು: 'ಅಪ್ಪಾ, ಇವುಗಳಲ್ಲಿ ಬಹಳಷ್ಟು ಮೊಬೈಲಲ್ಲೇ ಸಿಗ್ತಾವೆ. ಇದಕ್ಕೆ ಯಾಕೆ ದುಡ್ಡು ಕೊಡಬೇಕು?' ಸ್ಪೀಕರ್ ಹಾಕಿ ಎಂ.ಎಸ್. ಅವರನ್ನು ಅಲ್ಲಿಂದಲೇ ಹಾಡಿಸಿಯೂ ಬಿಟ್ಟಳು. ಮೇಷ್ಟ್ರಿಗೆ ಸಂತೋಷವೂ ಆಯಿತು, ಸ್ವಲ್ಪ ಬೇಸರವೂ ಆಯಿತು. ಬಿಕಾಂ ಓದಿದ ನನ್ನ ಲೆಕ್ಕಕ್ಕೂ ಮಗಳು ಹೇಳಿದ್ದೇ ಸರಿ.

ಆಮೇಲೆ ಟ್ರಂಕಿನ ತಳ ಬಗೆದರು. ಅಲ್ಲಿದ್ದವು ಲೇಬಲ್ ಇಲ್ಲದ ಕ್ಯಾಸೆಟ್ಟುಗಳು. ಊರಿನ ಉತ್ಸವದಲ್ಲಿ ಮಡಿಲಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಹಿಡಿದದ್ದು, ಬೆಂಗಳೂರು ಚಾಮರಾಜಪೇಟೆಯಲ್ಲಿ 1939ರಿಂದ ನಡೆಯುತ್ತಿರುವ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗೆ ಹೋದಾಗ ಹೊರಗಿನ ಸ್ಪೀಕರಿನಿಂದ ಹಿಡಿದದ್ದು, ಹಳ್ಳಿಯ ಭಜನೆ. ಒಂದರಲ್ಲಿ ನಾಗಸ್ವರ, ನಡುವೆ ಬಸ್ಸಿನ ಹಾರನ್, ಯಾರೋ ತೆಲುಗಿನಲ್ಲಿ 'ಕೂರ್ಚೋಂಡಿ' ಅಂತ ಗದರುವುದು. ನುಡಿಸಿದವರು ಯಾರು? ಮೇಷ್ಟ್ರಿಗೆ ನೆನಪಿಲ್ಲ. 'ಇದರ ಇನ್ನೊಂದು ಪ್ರತಿ ಪ್ರಪಂಚದಲ್ಲಿಲ್ಲ' ಎಂದರು, ಮೆಲ್ಲಗೆ.

ತೊಂದರೆ ಏನೆಂದರೆ ಕೆಟ್ಟಿರುವುದೂ ಅವೇ. ಅಗ್ಗದ 90ರ ಟೇಪು ತೆಳು, ಬೇಗ ಸುತ್ತಿಕೊಳ್ಳುತ್ತದೆ. ಎರಡರಲ್ಲಿ ಬಿಳಿ ಬೂಷ್ಟು. ಬೂಷ್ಟು ಕಂಡ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಲೇಬಾರದು. ಆ ಕೊಳೆ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಉಳಿದವನ್ನೂ ಹಾಕುವ ಮುನ್ನ ಪೆನ್ಸಿಲ್ ತೂರಿಸಿ ನಿಧಾನವಾಗಿ ಸುತ್ತಿ ಸಡಿಲ ತೆಗೆಯಬೇಕು. ಮನೆಯಲ್ಲಿ ಇಂಥ ಹಳೆಯ ಕ್ಯಾಸೆಟ್ ಇರುವ ಓದುಗರು ಇಷ್ಟು ನೆನಪಿಡಿ.

ಹೊಸ ಪಟ್ಟಿಯಲ್ಲಿ ಈಗ ಒಂಬತ್ತು ಲೇಬಲ್ ಇಲ್ಲದವು. ಹತ್ತನೆಯದಕ್ಕೆ ಮೇಷ್ಟ್ರು ಮನ್ಸೂರರನ್ನೇ ಉಳಿಸಿಕೊಂಡಿದ್ದಾರೆ. ಮೊಬೈಲಲ್ಲಿ ಸಿಗುತ್ತಲ್ಲ ಸಾರ್ ಎಂದೆ.

'ಸಿಗ್ತದೆ. ಆದರೆ ಆ ಟಕ್ ಸಿಗಲ್ಲ ಕಣಪ್ಪಾ.'