ನಲ್ಲಿ ನೀರು, ಬಸವನಹುಳು ಮತ್ತು ನಾವು

ಇವತ್ತಿನ ಮಾತು ಬಹಳ ನಿಧಾನವಾಗಿ ನಡೆಯುವ ಒಂದು ಪುಟ್ಟ ಜೀವಿಯ ಬಗ್ಗೆ. ಇಂಗ್ಲಿಷಿನಲ್ಲಿ ನೀವು ಸ್ನೇಲ್ ಅನ್ನುತ್ತೀರಿ. ಕನ್ನಡದಲ್ಲಿ ಅದರ ಹೆಸರು ಬಸವನಹುಳು. ತಲೆಯ ಮೇಲೆ ಬಸವನ ಹಾಗೆ ಎರಡು ಕೊಂಬು, ಬೆನ್ನ ಮೇಲೆ ಡುಬ್ಬದಂಥ ಚಿಪ್ಪು. ಒಮ್ಮೆ ನೋಡಿದರೆ ಹೆಸರು ಮರೆಯುವುದಿಲ್ಲ.

ನಾಯಿ ಬೇಡ, ಬೆಕ್ಕಿಗೆ ಅಪಾರ್ಟ್‌ಮೆಂಟಿನಲ್ಲಿ ಒಪ್ಪಿಗೆ ಇಲ್ಲ, ಮೀನು ಸಾಕಬಹುದು ಎನ್ನುವ ಮನೆಗಳಲ್ಲಿ ಬಸವನಹುಳು ಮೀನಿನ ಜೊತೆಯಲ್ಲೇ ಬರುತ್ತದೆ. ನಮ್ಮ ಮನೆಗೂ ಹಾಗೇ ಬಂತು. ಹತ್ತೇ ದಿನ ಬದುಕಿತು. ತಪ್ಪು ನಮ್ಮದೇ. ಒಳ್ಳೆಯ ನೀರು ಕೊಡೋಣ ಎಂದು ಅಡುಗೆಮನೆಯ ಆರ್‌ಓ ಫಿಲ್ಟರಿನ ನೀರು ತುಂಬಿಸಿದೆವು. ಅದೇ ದಿನ ಹುಳುವನ್ನೂ ಒಳಗೆ ಬಿಟ್ಟೆವು. ಎರಡೂ ಪ್ರೀತಿಯಿಂದ ಮಾಡಿದ ತಪ್ಪುಗಳು. ನೀವು ಅವನ್ನು ಮಾಡದಿರಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಹುಳು ಎಂದು ತಿಳಿದುಕೊಳ್ಳಿ. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಮಿಸ್ಟರಿ ಸ್ನೇಲ್. ಗಾಲ್ಫ್ ಚೆಂಡಿನಷ್ಟು ಬೆಳೆಯುತ್ತದೆ, ಹಳದಿ, ನೀಲಿ, ಕಂದು ಬಣ್ಣಗಳಲ್ಲಿ ಬರುತ್ತದೆ. ಇದರ ವೈಜ್ಞಾನಿಕ ಹೆಸರು ಪೊಮಾಸಿಯಾ ಡಿಫ್ಯೂಸಾ, ತವರು ದಕ್ಷಿಣ ಅಮೆರಿಕ. ಎರಡನೆಯದು ನೆರೈಟ್. ಚಿಕ್ಕದು, ಚಿಪ್ಪಿನ ಮೇಲೆ ಪಟ್ಟೆಗಳು, ಗಾಜಿನ ಮೇಲಿನ ಪಾಚಿ ತಿನ್ನುವುದರಲ್ಲಿ ನಿಪುಣ. ಮೂರನೆಯವು ಕರೆಯದೆ ಬರುವ ಅತಿಥಿಗಳು. ಅಂಗಡಿಯಿಂದ ತಂದ ನೀರಿನ ಗಿಡಕ್ಕೆ ಅಂಟಿಕೊಂಡು ಬರುವ ಬ್ಲ್ಯಾಡರ್ ಮತ್ತು ರ‍್ಯಾಮ್ಸ್‌ಹಾರ್ನ್ ಹುಳುಗಳು. ಇವುಗಳಲ್ಲಿ ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು; ಆದ್ದರಿಂದ ಬೇಗ ಹೆಚ್ಚುತ್ತವೆ. ಅವು ವಿಪರೀತ ಹೆಚ್ಚಿದರೆ ನೀವು ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ ಎಂದೇ ಅರ್ಥ.

ಈಗ ನೀರಿನ ವಿಷಯ. ಬಸವನಹುಳುವಿನ ಆರೋಗ್ಯದ ಮುಕ್ಕಾಲು ಪಾಲು ಇರುವುದು ಇಲ್ಲೇ.

ಸ್ಯಾನ್ ಡಿಯಾಗೊ ಅಥವಾ ಲಾಸ್ ಏಂಜಲೀಸ್ ಕಡೆ ನಿಮ್ಮ ಮನೆಯ ಕೆಟಲ್ ಒಳಗೆ ಬಗ್ಗಿ ನೋಡಿ. ತಳದಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಅಮ್ಮ ಅದನ್ನು ವಿನೆಗರ್ ಹಾಕಿ ತೊಳೆಯುತ್ತಿರುತ್ತಾರೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಪ್ರದೇಶಕ್ಕೆ ನೀರು ದೂರದಿಂದ ಬರುತ್ತದೆ. 1913ರಲ್ಲಿ ಲಾಸ್ ಏಂಜಲೀಸಿಗೆ ಓವೆನ್ಸ್ ಕಣಿವೆಯಿಂದ ಕಾಲುವೆ ಬಂತು. 1941ರಲ್ಲಿ ಕೊಲರಾಡೊ ನದಿಯ ನೀರು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂತು, 1947ರಲ್ಲಿ ಅದು ಸ್ಯಾನ್ ಡಿಯಾಗೊ ತಲುಪಿತು. ಕೊಲರಾಡೊ ನದಿ ಸಾವಿರಕ್ಕೂ ಹೆಚ್ಚು ಮೈಲಿ ಬಂಡೆಗಳ ನಡುವೆ ಹರಿದು ಸುಣ್ಣದಂಶವನ್ನು ಕರಗಿಸಿಕೊಂಡು ಬರುತ್ತದೆ. ಆದ್ದರಿಂದ ಅದು ಗಡಸು ನೀರು. ಪೂರ್ವ ಸಿಯೆರಾ ಬೆಟ್ಟಗಳ ನೀರು ಅದಕ್ಕಿಂತ ಮೆದು.

ಬಸವನಹುಳುವಿನ ಚಿಪ್ಪು ಯಾವುದರಿಂದ ಆಗಿದೆ ಗೊತ್ತೇ? ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ಕೆಟಲ್‌ನಿಂದ ಉಜ್ಜಿ ತೆಗೆಯುವ ವಸ್ತುವಿನಿಂದಲೇ ಅದು ಮನೆ ಕಟ್ಟುತ್ತದೆ. ಚಿಪ್ಪಿನ ಬಾಯಿಯ ಅಂಚಿನಲ್ಲಿ ಮೆದುವಾದ ಚರ್ಮದಂಥ ಒಂದು ಅಂಗವಿದೆ. ಅದು ನೀರಿನಿಂದ ಮತ್ತು ಆಹಾರದಿಂದ ಕ್ಯಾಲ್ಸಿಯಂ ತೆಗೆದುಕೊಂಡು ಸುರುಳಿಗೆ ಹೊಸ ಅಂಚು ಸೇರಿಸುತ್ತಾ ಹೋಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಹೊಸ ಭಾಗ ತೆಳ್ಳಗಾಗುತ್ತದೆ. ನೀರು ಆಮ್ಲೀಯವಾದರೆ ಹಳೆಯ ಭಾಗವೂ ಸವೆದು, ಬಿಳಿಚಿಕೊಂಡು, ಗುಂಡಿ ಬೀಳುತ್ತದೆ. ಸವೆದುಹೋದ ತುದಿ ಮತ್ತೆ ಮೊದಲಿನಂತಾಗುವುದಿಲ್ಲ. ಮುಂದೆ ಬೆಳೆಯುವ ಭಾಗವನ್ನಷ್ಟೇ ಗಟ್ಟಿ ಮಾಡಬಹುದು. ಪಿಎಚ್ 7ರಿಂದ 8ರ ನಡುವೆ ಇದ್ದರೆ ಸಾಕು.

ನಾವು ಮಾಡಿದ ಮೊದಲ ತಪ್ಪು ಏನೆಂದು ಈಗ ನಿಮಗೆ ಅರ್ಥವಾಗಿರಬೇಕು. ಆರ್‌ಓ ಯಂತ್ರ ಬಹುಪಾಲು ಖನಿಜಗಳನ್ನು ತೆಗೆದುಬಿಡುತ್ತದೆ. ಗ್ಯಾರೇಜಿನಲ್ಲಿ ಕೂತಿರುವ ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ನಮ್ಮ ಬಾಯಿಗೆ ರುಚಿಯಾದ ನೀರು ಬಸವನಹುಳುವಿಗೆ ಬರಡು ನೀರು. ನಿಮ್ಮ ಮನೆಯಲ್ಲಿ ಸಾಫ್ಟ್‌ನರ್ ಇದ್ದರೆ, ಅದನ್ನು ಹಾದು ಬಾರದ ನಲ್ಲಿ ಯಾವುದು ಎಂದು ಅಪ್ಪನನ್ನು ಕೇಳಿ. ಸಾಮಾನ್ಯವಾಗಿ ಹೊರಗೆ ತೋಟಕ್ಕೆ ನೀರು ಬಿಡುವ ನಲ್ಲಿ ಹಾಗಿರುತ್ತದೆ. ಆದರೆ ತೋಟದ ರಬ್ಬರ್ ಪೈಪಿನಿಂದ ಹಿಡಿಯಬೇಡಿ. ಸ್ವಲ್ಪ ಹೊತ್ತು ನಲ್ಲಿ ಬಿಟ್ಟು, ನಂತರ ನೇರವಾಗಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಿಡಿಯಿರಿ.

ಹಾಗೆಂದು ನಲ್ಲಿ ನೀರನ್ನು ಹಾಗೇ ಸುರಿಯುವಂತಿಲ್ಲ. ಊರಿನಿಂದ ಬಂದ ಅಜ್ಜಿ ಹೇಳುವುದುಂಟು: "ನೀರನ್ನ ರಾತ್ರಿಯೆಲ್ಲ ಬಕೆಟ್‌ನಲ್ಲಿ ಇಟ್ಟುಬಿಡು ಮಗು, ಔಷಧಿ ವಾಸನೆ ಹೋಗುತ್ತೆ." ಅಜ್ಜಿ ಹೇಳಿದ್ದು ಸುಳ್ಳಲ್ಲ. ನೀರಿನಲ್ಲಿ ಬರೀ ಕ್ಲೋರಿನ್ ಇದ್ದರೆ ಅದು ತೆರೆದ ಬಕೆಟ್‌ನಿಂದ ಗಾಳಿಗೆ ಹೋಗುತ್ತದೆ. ಆದರೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ನಗರಗಳ ನೀರಿಗೆ ಹಾಕುವುದು ಕ್ಲೋರಮೈನ್, ಅಂದರೆ ಅಮೋನಿಯಾ ಜೊತೆ ಬೆಸೆದ ಕ್ಲೋರಿನ್. ನೂರಾರು ಮೈಲಿ ಪೈಪಿನಲ್ಲೂ ಉಳಿಯಲಿ ಎಂದೇ ಅದನ್ನು ಹಾಕುತ್ತಾರೆ. ಒಂದು ರಾತ್ರಿಗೆ ಅದು ಹೋಗುವುದಿಲ್ಲ. ಆದ್ದರಿಂದ ನೀರು ಬದಲಾಯಿಸುವಾಗಲೆಲ್ಲ ವಾಟರ್ ಕಂಡೀಷನರ್ ಬೇಕೇ ಬೇಕು. ಬಾಟಲಿಯ ಮೇಲೆ ಕ್ಲೋರಮೈನ್ ಎಂಬ ಹೆಸರು ಇದೆಯೇ, ಬಿಡುಗಡೆಯಾಗುವ ಅಮೋನಿಯಾದ ವಿಷವನ್ನೂ ತಡೆಯುತ್ತದೆಯೇ ಎಂದು ಓದಿ ತೆಗೆದುಕೊಳ್ಳಿ.

ಅಜ್ಜಿಯ ಇನ್ನೊಂದು ಸಲಹೆ: "ಸುಣ್ಣ ಬೇಕಾದರೆ ಎಲೆ ಅಡಿಕೆಗೆ ಹಾಕೋ ಸುಣ್ಣಾನೇ ಒಂದು ಚಿಟಿಕೆ ಹಾಕು." ಇದನ್ನು ಮಾತ್ರ ಕೇಳಬೇಡಿ. ಎಲೆಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ನೀರಿನ ಪಿಎಚ್ ಅನ್ನು ಒಮ್ಮೆಲೇ ಮೇಲಕ್ಕೇರಿಸುತ್ತದೆ. ಹುಳುವಿಗೂ ಮೀನಿಗೂ ಸುಟ್ಟಂತಾಗುತ್ತದೆ. ಅದರ ಬದಲು ಪಕ್ಷಿಗಳ ವಿಭಾಗದಲ್ಲಿ ಸಿಗುವ ಕಟಲ್‌ಬೋನ್‌ನ ಒಂದು ತುಂಡನ್ನು ಟ್ಯಾಂಕಿಗೆ ಹಾಕಿ. ಚೆನ್ನಾಗಿ ತೊಳೆದು ಕುದಿಸಿದ ಮೊಟ್ಟೆಯ ಚಿಪ್ಪೂ ಆಗುತ್ತದೆ. ಇವು ನಿಧಾನವಾಗಿ ಕರಗುತ್ತವೆ. ಹುಳುವೂ ನಿಧಾನ, ಅದರ ಔಷಧಿಯೂ ನಿಧಾನವಾಗಿರಲಿ.

ಮನೆಯಲ್ಲಿ ತಾಮ್ರದ ಚೊಂಬು, ತಾಮ್ರದ ಬಾಟಲಿ ಇದ್ದರೆ ಅದರ ನೀರು ನಿಮಗಿರಲಿ, ಟ್ಯಾಂಕಿಗೆ ಬೇಡ. ತಾಮ್ರ ಸ್ವಲ್ಪವೇ ಇದ್ದರೂ ಬಸವನಹುಳುವಿಗೆ ವಿಷ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಹಾಕುವ ಕೆಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಮೀನು ಉಳಿಯುತ್ತದೆ, ಹುಳು ಸಾಯುತ್ತದೆ. ಔಷಧಿ ಹಾಕುವ ಮೊದಲು ಲೇಬಲ್ ಓದಿ, ಕಾಯಿಲೆ ಬಿದ್ದ ಮೀನನ್ನು ಬೇರೆ ಪಾತ್ರೆಗೆ ಬಿಟ್ಟು ಔಷಧಿ ಕೊಡಿ. ಸನ್‌ಸ್ಕ್ರೀನ್ ಅಥವಾ ಸ್ಯಾನಿಟೈಜರ್ ಹಚ್ಚಿದ ಕೈಯನ್ನು ಟ್ಯಾಂಕಿಗೆ ಅದ್ದಬೇಡಿ. ಹುಳು ಮುಟ್ಟಿದ ಮೇಲೆ ನಿಮ್ಮ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ನಮ್ಮ ಎರಡನೆಯ ತಪ್ಪು ಅವಸರ. ಹೊಸ ಟ್ಯಾಂಕ್ ಬರೀ ನೀರು ತುಂಬಿದ ಗಾಜು. ಪ್ರಾಣಿಗಳ ಕಸದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದರ ಅಪಾಯ ಬಹಳ ಕಡಿಮೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹಳೆಯ ಆರೋಗ್ಯವಂತ ಟ್ಯಾಂಕಿನ ಫಿಲ್ಟರಿನ ಸ್ಪಂಜು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಹುಳು ತನ್ನಿ. ಆಮೇಲೆ ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲಾಯಿಸಿ.

ಮಿಸ್ಟರಿ ಸ್ನೇಲ್‌ಗೆ 68ರಿಂದ 82 ಡಿಗ್ರಿ ಫ್ಯಾರನ್‌ಹೀಟ್ ಹಿತ. ಸೆಪ್ಟೆಂಬರಿನ ಬಿಸಿಲಲೆಯ ದಿನಗಳಲ್ಲಿ ಟ್ಯಾಂಕ್ ಕಿಟಕಿಯ ಪಕ್ಕ ಇರಬಾರದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಈ ಹುಳುವಿಗೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಆಗಾಗ ಮೇಲೆ ಬಂದು ಸೊಂಡಿಲಿನಂಥ ಕೊಳವೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಅಂಗುಲ ಜಾಗವಿರಲಿ. ಮುಚ್ಚಳ ಮಾತ್ರ ಇರಲೇಬೇಕು, ಇಲ್ಲವಾದರೆ ರಾತ್ರಿ ಹೊರಗೆ ಹತ್ತಿ ಬಂದು ಕಾರ್ಪೆಟ್ ಮೇಲೆ ಒಣಗಿಹೋಗುತ್ತದೆ.

ಪಾಚಿ ಇದೆಯಲ್ಲ, ತಿಂದುಕೊಳ್ಳಲಿ ಎಂದು ಬಿಟ್ಟರೆ ಹಸಿದು ಸಾಯುತ್ತದೆ. ಉಪ್ಪು, ಎಣ್ಣೆ ಏನೂ ಹಾಕದೆ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ, ಜುಕಿನಿಯ ಒಂದು ಚೂರು ಕೊಡಿ. ಮರುದಿನಕ್ಕೆ ಉಳಿದದ್ದನ್ನು ತೆಗೆದುಬಿಡಿ, ಕೊಳೆತರೆ ಮತ್ತೆ ಅಮೋನಿಯಾ.

ಎರಡು ದಿನ ಅಲ್ಲಾಡದೆ ಬಿದ್ದಿದ್ದರೆ ಸತ್ತಿದೆ ಎಂದು ಗಾಬರಿಯಾಗಬೇಡಿ. ಮಿಸ್ಟರಿ ಸ್ನೇಲ್ ಚಿಪ್ಪಿಗೆ ಬಾಗಿಲಿನಂಥ ಮುಚ್ಚಳವಿರುತ್ತದೆ. ಅದನ್ನು ಮುಚ್ಚಿಕೊಂಡಿದ್ದರೆ ವಿಶ್ರಾಂತಿಯಲ್ಲಿರಬಹುದು. ನೀರನ್ನು ಪರೀಕ್ಷಿಸಿ, ಹುಳುವನ್ನು ಮೂಸಿ ನೋಡಿ. ಬಾಗಿಲು ಜೋತುಬಿದ್ದು ಕೊಳೆತ ವಾಸನೆ ಬಂದರೆ ಹೋಗಿದೆ ಎಂದರ್ಥ; ತಕ್ಷಣ ಹೊರಗೆ ತೆಗೆಯಿರಿ. ಚೆನ್ನಾಗಿ ನೋಡಿಕೊಂಡರೂ ಇದರ ಆಯುಸ್ಸು ಒಂದೆರಡು ವರ್ಷ ಅಷ್ಟೇ. ಅಷ್ಟು ಬದುಕಿದ್ದರೆ ನೀವು ಗೆದ್ದಿರಿ.

ಇನ್ನು ಬಹಳ ಮುಖ್ಯವಾದ ಮಾತು. ಒಂದು ದಿನ ನೀರಿನ ಮಟ್ಟದ ಮೇಲೆ, ಗಾಜಿಗೆ ಅಂಟಿಕೊಂಡು, ಮಸುಕು ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು ಕಾಣಬಹುದು. ಬಿಟ್ಟರೆ ಎರಡು ಮೂರು ವಾರದಲ್ಲಿ ಹತ್ತಾರು ಮರಿಗಳು. ಇಷ್ಟೊಂದು ಏನು ಮಾಡುವುದು? ಕಾಲೇಜಿಗೆ ಹೊರಟಾಗ ಟ್ಯಾಂಕ್ ಏನು ಮಾಡುವುದು? ಪಕ್ಕದ ಕೆರೆಗೆ ಬಿಟ್ಟರೆ ಪಾಪ, ಬದುಕಿಕೊಳ್ಳುತ್ತವೆ ಎಂದು ಅನ್ನಿಸುವುದು ಸಹಜ. ಕಷ್ಟ ಇರುವುದು ಅವು ಬದುಕಿಕೊಳ್ಳುವುದರಲ್ಲೇ.

ಸ್ಯಾನ್ ಡಿಯಾಗೊದವರು ಭಾನುವಾರ ನಡೆಯಲು ಹೋಗುವ ಮಿರಮಾರ್ ಕೆರೆ ಕುಡಿಯುವ ನೀರಿನ ಜಲಾಶಯ. ಮಿಸ್ಟರಿ ಸ್ನೇಲ್‌ನ ಹತ್ತಿರದ ನೆಂಟ, ಚಾನೆಲ್ಡ್ ಆಪಲ್ ಸ್ನೇಲ್, 1990ರ ದಶಕದಲ್ಲೇ ಅಲ್ಲಿ ಕಾಣಿಸಿಕೊಂಡಿತು. ದಕ್ಷಿಣ ಅಮೆರಿಕದ ಹುಳು ತಾನಾಗಿ ಅಲ್ಲಿಗೆ ನಡೆದು ಬಂದಿರಲಾರದು. ಈ ಜಾತಿಯನ್ನು 1980ರ ಸುಮಾರಿಗೆ ತಿನ್ನಲೆಂದು ತೈವಾನಿಗೆ ಒಯ್ದರು. ಅಲ್ಲಿಂದ ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳಿಗೆ ಹಬ್ಬಿತು. ಅದಕ್ಕೇ ಅಮೆರಿಕದಲ್ಲಿ ಪೊಮಾಸಿಯಾ ಹುಳುಗಳನ್ನು ಪರವಾನಗಿ ಇಲ್ಲದೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಂತಿಲ್ಲ. ನಮ್ಮ ಮಿಸ್ಟರಿ ಸ್ನೇಲ್‌ಗೆ ಮಾತ್ರ ವಿನಾಯಿತಿ.

ಲಾಸ್ ಏಂಜಲೀಸಿನವರಿಗೆ ಕಲಬಾಸಸ್‌ನ ಮಲಿಬು ಹಿಂದೂ ದೇವಸ್ಥಾನ ಗೊತ್ತು. ಆ ಬೆಟ್ಟಗಳ ನೀರೆಲ್ಲ ಸೇರುವುದು ಮಲಿಬು ಹಳ್ಳಕ್ಕೆ. 2006ರಲ್ಲಿ ಆ ಜಲಾನಯನದಲ್ಲಿ ನ್ಯೂಜಿಲೆಂಡ್ ಮಡ್‌ಸ್ನೇಲ್ ಇರುವುದು ಗೊತ್ತಾಯಿತು. ಅಕ್ಕಿಕಾಳಿಗಿಂತ ದೊಡ್ಡದಲ್ಲ. ಅದಕ್ಕೆ ಗಂಡೇ ಬೇಡ, ಒಂದೇ ಹುಳುವಿನಿಂದ ಸಂತಾನ ಬೆಳೆಯುತ್ತದೆ, ಒದ್ದೆ ಶೂಗೆ ಅಂಟಿಕೊಂಡು ಇನ್ನೊಂದು ಹಳ್ಳಕ್ಕೆ ಹೋಗುತ್ತದೆ. ಹೈಕಿಂಗ್ ಹೋಗಿ ನೀರಿಗಿಳಿದಿದ್ದರೆ ಶೂ ಉಜ್ಜಿ, ಪೂರ್ತಿ ಒಣಗಿಸಿ. ಅಲ್ಲಿಂದ ಚೆಂದದ ಕಲ್ಲು, ಗಿಡ ತಂದು ಟ್ಯಾಂಕಿಗೆ ಹಾಕಬೇಡಿ.

ನಮ್ಮ ಊರಿನ ಕಥೆಯೂ ಇದೇ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷರು ಮಾರಿಷಸ್‌ನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ಕಲ್ಕತ್ತೆಗೆ ತಂದರು. ಅವು ಅಲ್ಲಿನ ಒಂದು ತೋಟ ಸೇರಿದವು. ಅದು ನೆಲದ ಹುಳು, ಟ್ಯಾಂಕಿನದಲ್ಲ. ಇವತ್ತು ಕೊಡಗಿನ ಶನಿವಾರಸಂತೆ ಸುತ್ತಲಿನ ಕಾಫಿ ತೋಟಗಳಲ್ಲಿ ಬೆಳೆಗಾರರು ಮಳೆಗಾಲದಲ್ಲಿ ಅದೇ ಜಾತಿಯ ಹುಳುಗಳನ್ನು ಕೈಯಿಂದ ಆರಿಸಿ ಆರಿಸಿ ಸೋಲುತ್ತಾರೆ.

ಆದ್ದರಿಂದ ಮರಿ ಬೇಡವಾದರೆ ಮೊಟ್ಟೆಯ ಗೊಂಚಲನ್ನು ಬಿಡಿಸಿ, ಚೀಲದಲ್ಲಿ ಕಟ್ಟಿ, ಎರಡು ದಿನ ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಿ. ದೊಡ್ಡ ಹುಳುಗಳನ್ನು ಸಾಕುವ ಸ್ನೇಹಿತರಿಗೆ ಕೊಡಿ, ಅಥವಾ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಕೇಳಿ. ಟ್ಯಾಂಕಿನ ಹಳೆಯ ನೀರನ್ನು ರಸ್ತೆಯ ಚರಂಡಿಗೆ ಸುರಿಯಬೇಡಿ. ಆ ಚರಂಡಿ ಶುದ್ಧೀಕರಣವಿಲ್ಲದೆ ಹಳ್ಳಕ್ಕೆ, ಸಮುದ್ರಕ್ಕೆ ಹೋಗುತ್ತದೆ. ಜರಡಿಯಲ್ಲಿ ಸೋಸಿ ಮನೆಯೊಳಗಿನ ಕುಂಡದ ಗಿಡಕ್ಕೆ ಹಾಕಿ. ಅಮ್ಮನ ಕರಿಬೇವಿಗೆ ಅದು ಒಳ್ಳೆಯ ಗೊಬ್ಬರ.

ನಮ್ಮ ಮನೆಯ ಎರಡನೆಯ ಹುಳು ಒಂದೂವರೆ ವರ್ಷ ಬದುಕಿತು. ವ್ಯತ್ಯಾಸ ಇದ್ದದ್ದು ಆರು ವಾರದ ತಾಳ್ಮೆ ಮತ್ತು ಸಾದಾ ನಲ್ಲಿ ನೀರಿನಲ್ಲಿ. ಈ ವಾರ ಒಂದು ಕೆಲಸ ಮಾಡಿ: ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಎಷ್ಟು ಗಡಸು ಎಂದು ನಿಮ್ಮ ನೀರಿನ ಇಲಾಖೆಯ ವಾರ್ಷಿಕ ವರದಿಯಲ್ಲಿ ನೋಡಿ. ಹುಳು ಆಮೇಲೆ ತಂದರಾಯಿತು.